ಮೂರಡಿ ನೀರು

"ಕೆರೆ ಎಷ್ಟು ಆಳ ಸಾರ್?" ಎಂದು ಹಬೀಬುಲ್ಲಾ ಕೇಳಿದಾಗ ಕದಿರೇಶ ಯೋಚಿಸದೆ "ಮೂರಡಿ" ಎಂದುಬಿಟ್ಟ. ಅಂದ ಮೇಲೆ, ಇಷ್ಟು ವರ್ಷ ಕಳೆದರೂ ನಾಲಿಗೆ ಆ ಮಾತನ್ನು ಹಲ್ಲಿನ ಹಿಂದೆಯೇ ಸಿದ್ಧವಾಗಿ ಇಟ್ಟುಕೊಂಡಿತ್ತಲ್ಲ ಎಂದು ಹೇಸಿಗೆಯಾಯಿತು. ಹಬೀಬುಲ್ಲಾ ನಕ್ಕ. ಬಲೆ, ಗಾಳ, ಟಾರ್ಚು, ನೈಲಾನ್ ಹಗ್ಗ, ಇಲಿಬೋನುಗಳ ನಡುವೆ ಮೂವತ್ತು ವರ್ಷ ಕುಳಿತು ಅವನ ನಗುವಿಗೂ ಒಂದು ಕೊಕ್ಕೆ ಬಂದಿತ್ತು. "ಮೂರಡಿಗೆ ಮಿಷಿನ್ ನಕ್ಕೋ, ಬೇಡ ಸಾರ್. ಪ್ಯಾಂಟ್ ಮಡಚ್ಕೊಂಡು ಇಳೀರಿ. ಮೀನೇ ಬಂದು ಕಾಲಿಗೆ ಸಲಾಂ ಹೊಡೀತದೆ." ಪಕ್ಕದಲ್ಲಿ ಟಾರ್ಚಿಗೆ ಸೆಲ್ ಹಾಕಿಸಿಕೊಳ್ಳುತ್ತಿದ್ದವನೂ ನಕ್ಕ. ಕದಿರೇಶನೂ ನಗಬೇಕಾಯಿತು. ಕೋಲಾರದಲ್ಲಿ ಯಾವ ಅಂಗಡಿಗೆ ಹೋದರೂ ಹೀಗೇ, ಸಾಮಾನಿನ ಜೊತೆ ಒಂದು ಅವಮಾನವನ್ನೂ ಕಟ್ಟಿ ಕೊಡುತ್ತಾರೆ, ಅದಕ್ಕೆ ಬೇರೆ ದುಡ್ಡು ಕೇಳುವುದಿಲ್ಲ ಅಷ್ಟೆ, ಅಂದುಕೊಂಡ. "ಅಲ್ಲ, ಒಂದೊಂದು ಕಡೆ ಹೆಚ್ಚು ಇರಬಹುದು," ಎಂದು ತಿದ್ದಿದ. ತಿದ್ದುವಾಗ ದನಿ ತಗ್ಗಿದ್ದು ಅವನಿಗೇ ಕೇಳಿಸಿತು.

ಮೀನು ಹುಡುಕುವ ಯಂತ್ರವನ್ನು ಆರಿಸುವ ಕೆಲಸ ಅವನಿಗೆ ಬಂದದ್ದು ಮೂರ್ತಿಯಿಂದ. ಮೂರ್ತಿ ಅವನ ಹೆಂಡತಿ ಸಹನಳ ತಮ್ಮ, ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇಟ್ಟವನು. ಜಗತ್ತಿನಲ್ಲಿ ಇರುವುದೆಲ್ಲ ಒಂದೋ ಕಾಯಿ ಇಲ್ಲ ಹಣ್ಣು, ಎರಡನ್ನೂ ಒತ್ತಿ ನೋಡಿ ತಿಳಿಯಬಹುದು ಎಂದು ನಂಬಿದವನು. ಯಾವುದೋ ರೆಸಾರ್ಟಿನವರು ಬಿಸಾಡಿದ ಫೈಬರ್ ದೋಣಿಯೊಂದನ್ನು ಕೊಂಡು, ನಾಗದೇಪಲ್ಲಿ ಕೆರೆಯ ಮೀನಿನ ಗುತ್ತಿಗೆ ಹೇಗೂ ತನ್ನದೇ ಆದ್ದರಿಂದ, ಸೀಜನ್ ಶುರುವಾಗುವುದರೊಳಗೆ ಒಂದು ಭಾನುವಾರ ದೋಣಿಯಲ್ಲಿ ಹೋಗಿ ಮೀನು ಹಿಡಿಯಬೇಕೆಂದು ಹಟ ಹಿಡಿದಿದ್ದ. ಗುರುವಾರ ಮನೆಗೆ ಬಂದು, ಸೋಫಾದ ಮೇಲೆ ಕಾಲು ಮಡಚಿ ಕುಳಿತು, ಫೋನಿನಲ್ಲಿ ಯಾವ ದೇಶದವನೋ ಯಾವ ಸರೋವರದಲ್ಲೋ ಮಂಚದುದ್ದದ ಮೀನು ಎತ್ತುವುದನ್ನು ತೋರಿಸಿದ. "ನೋಡಿ ಭಾವ, ಎಲ್ಲಿ ಮೀನೈತೆ ಅಂತ ಟೀವಿ ತರ ತೋರಿಸ್ತೈತೆ. ಇಂಥದ್ದೊಂದು ನೀವೇ ನೋಡಿ ತನ್ನಿ. ಹತ್ತು ಸಾವಿರದೊಳಗೆ ಇರ್ಲಿ. ನೀವು ಫ್ಯಾಕ್ಟ್ರೀಲಿ ಮಾಡೋದೂ ಇದೇ ಅಲ್ವಾ? ಕಬ್ಬಿಣದೊಳಗೆ ಮೀನು ಹುಡುಕೋದು." ಸಹನ ಅಡುಗೆಮನೆಯಿಂದಲೇ ನಕ್ಕಳು. ಮೂರ್ತಿ ಕಾಫಿ ಲೋಟ ಇಳಿಸಿ, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, "ದೊಡ್ಡಮುನಿಯಪ್ಪಂಗೆ ಹೇಳಿದೀನಿ, ಅವನೇ ದೋಣಿಗೆ ಗಳ ಹಾಕ್ತಾನೆ," ಎಂದ. ಆ ಹೆಸರು ಬಾಗಿಲಲ್ಲೇ ಉಳಿಯಿತು, ಮೂರ್ತಿ ಹೋದ.

ವೇಮಗಲ್ಲಿನ ಕಾರ್ಖಾನೆಯಲ್ಲಿ ಕದಿರೇಶನ ಕೆಲಸ ಎರಕದ ತುಂಡುಗಳಿಗೆ ಶಬ್ದ ಬಿಟ್ಟು ನೋಡುವುದು. ಲೋಹದ ಮೇಲೆ ಲೋಳೆಯಂಥ ಜೆಲ್ ಸವರಿ, ಹೆಬ್ಬೆರಳಿನಷ್ಟು ದಪ್ಪದ ಒಂದು ಗುಂಡಿಯನ್ನು ಒತ್ತಿ ಹಿಡಿದರೆ, ಮನುಷ್ಯರ ಕಿವಿಗೆ ಕೇಳದ ಶಬ್ದ ಒಳಗೆ ಹೋಗಿ ಆಚೆ ಗೋಡೆಗೆ ಬಡಿದು ವಾಪಸು ಬರುತ್ತದೆ. ತೆರೆಯ ಮೇಲೆ ಎರಡು ಏರು ಕಾಣಬೇಕು, ಹೋದದ್ದು ಒಂದು, ಬಂದದ್ದು ಒಂದು. ನಡುವೆ ಏನೂ ಇರಬಾರದು. ನಡುವೆ ಏನಾದರೂ ಎದ್ದರೆ ಅದು ಕುಂದು, ಒಳಗೆಲ್ಲೋ ಬಿರುಕೋ ಗಾಳಿಗುಳ್ಳೆಯೋ ಇದೆ ಎಂದರ್ಥ. ತಳ್ಳಿಹಾಕು ಎಂದು ಕೆಂಪು ಬಳಿಯಬೇಕು. ಹನ್ನೊಂದು ವರ್ಷ ಕೆಂಪು ಬಳಿದೂ ಬಳಿದೂ ಅವನಿಗೆ ಮನುಷ್ಯರೂ ಹಾಗೇ ಕಾಣತೊಡಗಿದ್ದರು. ಎದುರು ಬಂದವರು ಎರಡು ಮಾತಾಡುವಷ್ಟರಲ್ಲಿ ಬಿರುಕು ಎಲ್ಲಿದೆ ಎಂದು ಗೊತ್ತಾಗಿ ಒಂದು ಬಗೆಯ ಹಗುರವಾದ ಸುಖವಾಗುತ್ತಿತ್ತು. ಮೂರ್ತಿಯ ಬಿರುಕು ಅವನ ನಗುವಿನಲ್ಲಿದೆ. ಸಹನಳದು ಅಪ್ಪನ ಮಾತು ಬಂದಾಗ ಸೆರಗು ಸರಿಮಾಡಿಕೊಳ್ಳುವುದರಲ್ಲಿ. ಕಾರ್ಖಾನೆಯ ಸೂಪರ್‌ವೈಸರನದು, ಫಿಸಿಕ್ಸ್ ಓದಿದವನು ತನ್ನ ಕೈಕೆಳಗೆ ಇದ್ದಾನಲ್ಲ ಎಂಬ ಹೆಮ್ಮೆಯಲ್ಲಿ. ತನ್ನ ಮೇಲೆ ಆ ಗುಂಡಿಯನ್ನು ಒತ್ತಿ ನೋಡಿಕೊಳ್ಳುವ ಅಗತ್ಯ ಅವನಿಗೆ ಕಂಡಿರಲಿಲ್ಲ. ಏನಿದೆ, ಎಲ್ಲಿದೆ, ಎಷ್ಟು ಅಡಿಯಲ್ಲಿದೆ ಎಂಬುದು ಗೊತ್ತೇ ಇತ್ತು.

ಹಬೀಬುಲ್ಲಾ ಮೂರು ಡಬ್ಬಿ ತೆಗೆದಿಟ್ಟ. ಒಂದು ಬಣ್ಣದ ದೊಡ್ಡ ತೆರೆಯದು, ಮೂರ್ತಿಯ ಹತ್ತು ಸಾವಿರದ ಎರಡರಷ್ಟು. "ಇದು ಸುಳ್ಳು ಹೇಳಲ್ಲ ಸಾರ್. ನೆಲ ಎಷ್ಟು ಕೆಳಗೈತೆ ಅಂತ ಬೆರಳಿಟ್ಟು ಹೇಳ್ತದೆ. ನೆಲ ಕಲ್ಲೋ ಕೆಸರೋ ಅದೂ ಹೇಳ್ತದೆ." ಇನ್ನೊಂದು ಚೆಂಡಿನ ಹಾಗಿತ್ತು, ನೀರಿಗೆ ಎಸೆದರೆ ಫೋನಿಗೆ ಸುದ್ದಿ ಕಳಿಸುತ್ತದೆ. ಎಂಟೂವರೆ ಸಾವಿರ, ಮೂರ್ತಿ ಹೇಳಿದ್ದರೊಳಗೇ. ಕದಿರೇಶ ಅದರ ಕಾಗದವನ್ನು ಓದಿದ, ಒಳ್ಳೆಯ ಯಂತ್ರವೇ. ಇದನ್ನು ತೆಗೆದುಕೊಂಡು ಹೋದರೆ ಭಾನುವಾರ ಬೆಳಿಗ್ಗೆ ಮೂರ್ತಿ ತನ್ನ ಫೋನನ್ನು ಮುಖದ ಹತ್ತಿರ ಹಿಡಿದುಕೊಂಡು, ಮಂಡಿಯಲ್ಲಿ ರೇಟು ಕೂಗುವ ದನಿಯಲ್ಲಿ, ದೊಡ್ಡಮುನಿಯಪ್ಪನ ಕಿವಿಯ ಪಕ್ಕದಲ್ಲೇ ಅದು ತೋರಿಸಿದ ಆಳವನ್ನು ಕೂಗುತ್ತಾನೆ. ಕದಿರೇಶ ಡಬ್ಬಿ ಮುಚ್ಚಿ ಆಚೆ ತಳ್ಳಿದ. "ದುಬಾರಿಯಾಯ್ತು." ಮಾತು ನಯವಾಗಿ ಹೊರಬಂತು. ಬಡತನದಷ್ಟು ಮರ್ಯಾದೆಯ ನೆಪ ಬೇರೆ ಇಲ್ಲ, ಯಾರೂ ಅದರ ಒಳಗೆ ಕೈಹಾಕಿ ನೋಡುವುದಿಲ್ಲ.

ಮೂರನೆಯದು ಅಂಗೈಯಗಲದ ಬೂದು ಬಣ್ಣದ ಪ್ಲಾಸ್ಟಿಕ್ಕು. ಉದ್ದನೆಯ ವೈರಿನ ತುದಿಯಲ್ಲಿ ನಿಂಬೆಹಣ್ಣಿನಷ್ಟು ಕರಿಯ ಉಂಡೆ. ಹಬೀಬುಲ್ಲಾ ಯಾವುದೋ ಗುಂಡಿ ಒತ್ತಿದ. ಉಂಡೆ ಗಾಜಿನ ಮೇಜಿನ ಮೇಲೆ ಒಣಗಿ ಬಿದ್ದಿರುವಾಗಲೇ ತೆರೆಯ ಮೇಲೆ ಮಕ್ಕಳ ಪುಸ್ತಕದಲ್ಲಿರುವಂಥ ಮೀನುಗಳು ಎಡದಿಂದ ಬಲಕ್ಕೆ ಹೊರಟವು. ಯಂತ್ರ ಕುಯ್ ಕುಯ್ ಎಂದಿತು. ಮೂಲೆಯಲ್ಲಿ ಆಳ ಬಂತು. ಮೂರು. ಮೂರು ಚಿಲ್ಲರೆ. ಮತ್ತೆ ಮೂರು. "ಇದು ಡೆಮೋ ಸಾರ್, ಗಿರಾಕಿಗೆ ತೋರ್ಸೋಕೆ. ನೀರಿಗೆ ಬಿಡೋ ಮುಂಚೆ ಈ ಗುಂಡಿ ಒತ್ತಿ ಆಫ್ ಮಾಡ್ಬೇಕು. ಮರೆತ್ರಿ ಅನ್ನಿ, ಜಿಂದಗಿ ಪೂರಾ ಇದೇ ಮೀನು, ಇದೇ ಆಳ." ಕದಿರೇಶ ಆ ಸಂಖ್ಯೆಯನ್ನು ನೋಡುತ್ತ ನಿಂತ. ಎಲ್ಲಿಯೋ, ಕಡಲಾಚೆಯ ಯಾವುದೋ ಕೋಣೆಯಲ್ಲಿ, ತನ್ನ ಹಾಗೆಯೇ ಡಿಗ್ರಿ ಮಾಡಿದ ಒಬ್ಬ ಗುಮಾಸ್ತ, ನೀರನ್ನೇ ನೋಡದೆ, ಮೂರು ಎಂದು ಬರೆದು ಮನೆಗೆ ಹೋಗಿದ್ದಾನೆ. ಅವನ ಮೇಲೆ ತಾತ್ಸಾರವೂ, ಅಣ್ಣತಮ್ಮಂದಿರಲ್ಲಿ ಇರುವಂಥ ಸಲಿಗೆಯೂ ಒಟ್ಟಿಗೇ ಹುಟ್ಟಿತು. "ಇದೇ ಕೊಡಿ," ಎಂದ. ಹಬೀಬುಲ್ಲಾ ಅವನ ಮುಖ ನೋಡಿದ. "ನಾಲ್ಕು ಸಾವಿರಕ್ಕೆ ನಾಲ್ಕು ಸಾವಿರದ ಮಾಲು ಸಾರ್. ಆಮೇಲೆ ನನ್ನ ಬೈಬೇಡಿ. ಆರಿಸಿದ್ದು ನೀವು."

ಮನೆಗೆ ಬಂದಾಗ ಸಹನ ಡಬ್ಬಿಯನ್ನು ತಿರುಗಿಸಿ ನೋಡಿ, "ಅಪ್ಪ ಇದ್ದಿದ್ರೆ ಎಷ್ಟು ಖುಷಿಪಡ್ತಿದ್ರು ರೀ. ಅವರ ಕೆರೇಲಿ ಮಗ ದೋಣಿ ಬಿಡ್ತಾವ್ನೆ," ಎಂದಳು. ಅವರ ಕೆರೆ. ಗೋಡೆಯ ಮೇಲೆ ಕೋದಂಡರಾಮಪ್ಪನವರು ಗಂಧದ ಹಾರದ ಒಳಗಿನಿಂದ ಅಳಿಯನನ್ನು ನೋಡುತ್ತಿದ್ದರು. ಬದುಕಿದ್ದಾಗಲೂ ಹಾಗೇ ನೋಡುತ್ತಿದ್ದರು, ಸರಿಯಾದ ತೂಕಕ್ಕೆ ಕೊಂಡ ಪದಾರ್ಥವನ್ನು ನೋಡುವಂತೆ. ಕೆರೆ ಒಣಗಿ ಹದಿನೈದು ವರ್ಷವಾಗಿ, ಅಂಗಳದಲ್ಲಿ ಬಳ್ಳಾರಿ ಜಾಲಿ ಬೆಳೆದು, ಕುರಿಗಳೂ ಒಳಗೆ ನುಗ್ಗಲಾರದಂತಾಗಿದ್ದಾಗ ಹೂಳೆತ್ತುವ ಗುತ್ತಿಗೆ ಹಿಡಿದವರು ಅವರು. ಕೆರೆಯಂಗಳವನ್ನೆಲ್ಲ ಸಮನಾಗಿ ಮೂರಡಿ ತೆಗೆಯಬೇಕೆಂಬುದು ಕಾಗದದ ಮಾತು. ಆದರೆ ಒಳ್ಳೆಯ ಜೇಡಿಮಣ್ಣು ಇದ್ದದ್ದು ಹಳೆಯ ಕಾಲುದಾರಿಯ ಪಕ್ಕದ ಒಂದೇ ಜಾಗದಲ್ಲಿ. ಜೆಸಿಬಿ ಅಲ್ಲಿಂದ ಕದಲಲಿಲ್ಲ, ಜಾಲಿಯ ಮರೆಯಲ್ಲಿ ಅದು ಎಷ್ಟು ಆಳ ಹೋಯಿತೆಂದು ಊರಿನವರಿಗೆ ಕಾಣಲಿಲ್ಲ. ಲಾರಿಗಳು ಮಾಲೂರಿನ ಇಟ್ಟಿಗೆ ಗೂಡುಗಳಿಗೆ ಹೋಗುತ್ತಲೇ ಇದ್ದವು. ಡಿಗ್ರಿ ಮುಗಿಸಿ ಸುಮ್ಮನಿದ್ದ ಕದಿರೇಶ ತಗಡಿನ ಶೆಡ್ಡಿನಲ್ಲಿ ಅಳತೆ ಪುಸ್ತಕ ಇಟ್ಟುಕೊಂಡು ಕೂರುತ್ತಿದ್ದ. ಒಂದು ಮಧ್ಯಾಹ್ನ ಟೇಪು ಹಿಡಿದು ಗುಂಡಿಗೆ ಇಳಿದ. ಕೆಳಗೆ ತಣ್ಣಗಿತ್ತು, ಮೇಲೆ ಆಕಾಶ ಒಂದು ತಟ್ಟೆಯಷ್ಟಾಗಿತ್ತು, ಯಾವ ಸದ್ದೂ ಇರಲಿಲ್ಲ. ಅಂಥ ಮೌನದ ಮೇಲೆ ಅವನಿಗೆ ಮೊದಲಿನಿಂದಲೂ ಒಂದು ಆಸೆ. ಎಷ್ಟೋ ಹೊತ್ತು ಅಲ್ಲೇ ಕುಳಿತಿದ್ದ. ಹದಿನೆಂಟಡಿ. ಮೇಲೆ ಬಂದು ಪೆನ್ಸಿಲ್ ಎತ್ತಿದಾಗ ಕೋದಂಡರಾಮಪ್ಪನವರು ಎಲೆಅಡಿಕೆ ಜಗಿಯುತ್ತ ಭುಜದ ಮೇಲೆ ಕೈಯಿಟ್ಟು, ತೆಲುಗಿನಲ್ಲಿ, "ಮೂಡಡುಗುಲನಿ ರಾಯಿ ನಾಯನಾ," ಎಂದರು. ಮೂರಡಿ ಅಂತ ಬರಿ ಮಗನೇ. ಬೆದರಿಸಲಿಲ್ಲ, ಆಮಿಷ ತೋರಿಸಲಿಲ್ಲ. ನಾಯನಾ ಎಂದರು, ಅಷ್ಟೆ. ಕದಿರೇಶ "ಹೂಂ" ಎಂದ. ಅದಾದ ಮೇಲೆ ವೇಮಗಲ್ಲಿನ ಕೆಲಸ ಬಂತು, ಮರುವರ್ಷ ಸಹನ ಬಂದಳು. ಎರಡನ್ನೂ ಯಾರೂ ಆ ಹೂಂ ಜೊತೆ ಸೇರಿಸಿ ಮಾತಾಡಲಿಲ್ಲ.

ಹೂಂ ಎನ್ನುವುದಕ್ಕೆ ಬಾಯಿ ತೆರೆಯಬೇಕಾಗಿಲ್ಲ. ಇದನ್ನು ಅವನು ಬಹಳ ಸಲ ಯೋಚಿಸಿದ್ದಾನೆ. ಇಲ್ಲ ಎನ್ನಲು ನಾಲಿಗೆ ಮೇಲೇಳಬೇಕು, ತುಟಿ ಬಿಚ್ಚಬೇಕು, ಹಲ್ಲು ಕಾಣಬೇಕು. ಹೂಂ ಗಂಟಲಲ್ಲೇ ಹುಟ್ಟಿ ಮೂಗಿನಲ್ಲೇ ಮುಗಿಯುತ್ತದೆ. ಅಂದವನು ಅಂದೇ ಇಲ್ಲ ಎಂದು ಆಮೇಲೆ ಹೇಳಿಕೊಳ್ಳಬಹುದು. ಎರಡನೆಯ ಸಲ ಅದನ್ನು ಅಂದದ್ದು ಫೋನಿನಲ್ಲಿ. ಬೆಂಗಳೂರಿನವರು ಉಂಡು ತೊಳೆದು ಬಿಟ್ಟ ನೀರು ಶುದ್ಧವಾಗಿ ಪೈಪಿನಲ್ಲಿ ಈ ಕಡೆಯ ಕೆರೆಗಳಿಗೆ ಬಂದು ತುಂಬತೊಡಗಿದ ಮೊದಲ ವರ್ಷ. ದೊಡ್ಡಮುನಿಯಪ್ಪನೂ ಅವನ ಹೆಂಡತಿ ಗಂಗರತ್ನಮ್ಮನೂ ಮಾಲೂರಿನ ಗೂಡಿನಲ್ಲಿ ವರ್ಷಗಟ್ಟಲೆ ಇಟ್ಟಿಗೆ ಕೊಯ್ದು, ತಮ್ಮೂರ ಕೆರೆಯ ಮಣ್ಣನ್ನೇ ಗೊತ್ತಿಲ್ಲದೆ ಅಚ್ಚಿಗೆ ಒತ್ತಿ, ಊರಿಗೆ ನೀರು ಬಂತಂತೆ ಎಂದು ವಾಪಸು ಬಂದಿದ್ದರು. ಒಂದು ದಿನ ಗಂಗರತ್ನಮ್ಮ ಹಸುವಿಗೆ ಹುಲ್ಲು ತರಲು, ತಾನು ಮದುವೆಯಾಗಿ ಬಂದಂದಿನಿಂದ ಓಡಾಡಿದ ಕಾಲುದಾರಿಯ ಮೇಲೆ, ಮೊಣಕಾಲುದ್ದದ ನೀರಿನಲ್ಲಿ ಸೀರೆ ಎತ್ತಿಕೊಂಡು ನಡೆದಳು. ಹತ್ತು ಹೆಜ್ಜೆ ನಡೆದದ್ದನ್ನು ನೋಡಿದವರಿದ್ದರು. ಹನ್ನೊಂದನೆಯದನ್ನು ಯಾರೂ ನೋಡಲಿಲ್ಲ. ವಿಚಾರಣೆಗೆ ಬಂದವರು ಪುಸ್ತಕ ತೆಗೆದು ನೋಡಿ, ಬರೆದವನಿಗೆ ಫೋನು ಮಾಡಿ, "ಮೂರಡಿನೇ ಅಲ್ವೇನ್ರೀ?" ಎಂದರು. ಹೂಂ. ಮೂರಡಿ ನೀರಿನಲ್ಲಿ ಯಾರೂ ಮುಳುಗುವುದಿಲ್ಲ, ಮುಳುಗಬೇಕಾದರೆ ಮನಸ್ಸು ಮಾಡಬೇಕು ಎಂದಿತು ಊರು. ಗಂಡ ಏನೋ ಅಂದಿದ್ದಾನೆ, ಇಲ್ಲ ಹೊಡೆದಿದ್ದಾನೆ, ಅದಕ್ಕೇ ಬಿದ್ದಳು. ಮುಳಬಾಗಿಲಿನ ಕಡೆಯಿಂದ ಅವಳ ಅಣ್ಣತಮ್ಮಂದಿರು ತಿಥಿಗೂ ಬರಲಿಲ್ಲ. ಮುದುಕ ಗಳ ಇಳಿಸಿ ನೋಡಿ ಮೂರಾಳು ಐತೆ, ಮೂರಾಳು ಐತೆ ಎಂದು ಕೆಲವು ದಿನ ಎಲ್ಲರಿಗೂ ಹೇಳಿದನಂತೆ. ಅಷ್ಟರಲ್ಲಿ ಕೆರೆ ತುಂಬಿತ್ತು. ತುಂಬಿದ ಕೆರೆಯಲ್ಲಿ ಮೂರಾಳಲ್ಲದೆ ಇನ್ನೇನಿರುತ್ತೆ ಎಂದರು. ಆಮೇಲೆ ಅವನು ಸುಮ್ಮನಾದ.

ಭಾನುವಾರ ಬೆಳಿಗ್ಗೆ ಏರಿಯ ಮೇಲೆ ನಾಲ್ಕು ಜನ ಹಲ್ಲುಜ್ಜುತ್ತ ಕುಳಿತು ದೋಣಿ ನೋಡುತ್ತಿದ್ದರು. ಈ ವರ್ಷ ನೀರು ಬರುವುದು ತಗ್ಗಿ ಕೆರೆ ಹಿಂದೆ ಸರಿದಿತ್ತು. ತೂಬಿನ ಹತ್ತಿರ ಒಂದಿಷ್ಟು ನೀರು, ಉಳಿದ ಅಂಗಳದಲ್ಲೆಲ್ಲ ಮೊಣಕಾಲುದ್ದ, ನಡುನಡುವೆ ಸತ್ತ ಜಾಲಿಯ ಕರಿಯ ಕೊಂಬೆಗಳು. ದೊಡ್ಡಮುನಿಯಪ್ಪ ಟವಲನ್ನು ತಲೆಗೆ ಸುತ್ತಿ ದೋಣಿಯ ಹಿಂದಿನ ತುದಿಯಲ್ಲಿ ನಿಂತಿದ್ದ. ಕದಿರೇಶನನ್ನು ನೋಡಿ "ಬನ್ನಿ ಸಾಮಿ," ಎಂದ. ಯಜಮಾನರ ಅಳಿಯ ಎಂದಷ್ಟೇ ಅವನಿಗೆ ಗೊತ್ತು. ಮುದುಕನ ಮುಖದಲ್ಲಿ ದುಃಖವನ್ನು ಹುಡುಕಿ, ಅದು ಸಿಗದೆ, ಬೀಡಿಯ ಕಲೆ ಮತ್ತು ಕಣ್ಣಿನ ಪಿಸುರು ಮಾತ್ರ ಸಿಕ್ಕಿ, ಕದಿರೇಶನಿಗೆ ಒಂದು ರೀತಿಯ ಕೋಪ ಬಂತು. ಆರು ವರ್ಷದಲ್ಲಿ ಇವನು ಇಷ್ಟೇನಾ ಉಳಿಸಿಕೊಂಡದ್ದು? ಇವನಿಗಾಗಿ ನಾನು ನಿದ್ದೆಗೆಟ್ಟೆನಲ್ಲ. ಉಂಡೆಯನ್ನು ನೀರಿಗೆ ಇಳಿಸಿ, ಆಫ್ ಮಾಡಬೇಕಾದ ಗುಂಡಿಯನ್ನು ಒತ್ತದೆ, ಯಂತ್ರವನ್ನು ಮೂರ್ತಿಯ ಕೈಗೆ ಕೊಟ್ಟ.

ಮೊದಲ ಮೀನು ಕಂಡಾಗ ಮೂರ್ತಿ ಕೂಗಿದ ಕೂಗಿಗೆ ಏರಿಯ ಮೇಲಿನ ಕೊಕ್ಕರೆಗಳು ಎದ್ದವು. "ಬಂತು ಬಂತು ಬಂತು! ಲೇ ಮುನಿಯಪ್ಪ, ನಿಲ್ಸು. ದೊಡ್ಡದು ಕಣೋ!" ಬಲೆ ಬೀಸಿದ. ಜೊಂಡು ಬಂತು. ಇನ್ನೊಂದು ಕಡೆ ಕುಯ್ ಎಂದಿತು, ಇನ್ನೊಮ್ಮೆ ಬೀಸಿದ. ಹಳೆಯ ಚಪ್ಪಲಿ ಬಂತು. "ತಪ್ಪಿಸ್ಕೊಂತು ನನ್ಮಗಂದು." ಕದಿರೇಶ ಮೂಗಿನಲ್ಲೇ ನಗುತ್ತ ಕುಳಿತಿದ್ದ. ಇಲ್ಲದ ಮೀನಿನ ಹಿಂದೆ ಬೆವರುತ್ತಿರುವ ಈ ದಪ್ಪ ಕುತ್ತಿಗೆಯನ್ನು, ಅದರ ಮೇಲಿನ ಅಪ್ಪ ಕೊಟ್ಟ ಚಿನ್ನದ ಸರವನ್ನು ನೋಡುವುದರಲ್ಲಿ ಅವನಿಗೆ ಈ ಹನ್ನೊಂದು ವರ್ಷದಲ್ಲಿ ಸಿಗದಿದ್ದ ತೃಪ್ತಿ ಸಿಗುತ್ತಿತ್ತು. ಇದೇ ನಿಮ್ಮ ವಂಶ, ಒಬ್ಬ ಬರೆಸಿದ ಸುಳ್ಳಿನ ಹಿಂದೆ ಇನ್ನೊಬ್ಬ ಬಲೆ ಬೀಸುತ್ತಾನೆ. ಹಾಗಾದರೆ ಬರೆದವನು, ಎಂಬ ಮಾತು ಹಿಂದೆಯೇ ಎದ್ದಿತು. ಎರಡು ಏರುಗಳ ನಡುವೆ ಏಳಬಾರದ ಗೆರೆಯ ಹಾಗೆ. ಅವನು ಬೇರೆ ಕಡೆ ನೋಡಿದ. ದೊಡ್ಡಮುನಿಯಪ್ಪ ಒಮ್ಮೆಯೂ ತೆರೆಯ ಕಡೆ ತಿರುಗಿರಲಿಲ್ಲ.

ಒಂಬತ್ತು ಗಂಟೆಯ ಬಿಸಿಲಿಗೆ ಮೂರ್ತಿಯ ಉತ್ಸಾಹ ಹುಳಿಯಾಯಿತು. "ಏನ್ಲಾ ಮುನಿಯಪ್ಪ, ಹುಟ್ಟಿದಾಗಿಂದ ಇದೇ ಕೆರೇಲಿ ಬಿದ್ದಿದೀಯ, ಮೀನೆಲ್ಲೈತೆ ಅಂತ ಹೇಳೋಕಾಗಲ್ವಾ? ಮಿಷಿನ್ನಿಗಿರೋ ಬುದ್ಧಿನೂ ಇಲ್ವಲ್ಲೋ ನಿಂಗೆ." ಮುದುಕ ಗಳವನ್ನು ಕೆಸರಿನಿಂದ ಕಿತ್ತ. ಆಮೇಲೆ, "ಬೇಸಿಗೇಲಿ ಎಲ್ಲಾ ಒಂದೇ ಕಡೆ ಸೇರ್ಕೊಂತವೆ. ಅಲ್ಲಿಗೆ ನಾನು ಹೋಗಲ್ಲ," ಎಂದ. "ಯಾಕೆ, ದೆವ್ವ ಐತಾ?" "ಐತೆ ಅನ್ಕಳಿ." "ನಡಿ ನಡಿ, ನಾನೂ ನೋಡ್ತೀನಿ ಎಂಥ ದೆವ್ವ ಅಂತ." ಮುದುಕ ಗಳ ಊರಿದ. ಕದಿರೇಶನಿಗೆ ದಿಕ್ಕು ತಕ್ಷಣ ತಿಳಿಯಿತು. ಬೇಡ ಎನ್ನಲು ಒಂದು ಕಾರಣ ಹುಡುಕಿದ. ಬಿಸಿಲು, ಹಸಿವು, ಸಹನ ಕಾಯುತ್ತಾಳೆ. ಒಂದೊಂದನ್ನೂ ಮನಸ್ಸಿನಲ್ಲೇ ಒತ್ತಿ ನೋಡಿ ಒಂದೊಂದರಲ್ಲೂ ಬಿರುಕು ಕಂಡು ಕೆಳಗಿಟ್ಟ. ದೋಣಿ ಮೊಣಕಾಲುದ್ದದ ನೀರಿನಲ್ಲಿ ಕೆಸರು ಕೆರೆಯುತ್ತ ಸಾಗಿ, ಇದ್ದಕ್ಕಿದ್ದಂತೆ ಸದ್ದಿಲ್ಲದೆ ಹಗುರವಾಗಿ ತೇಲಿತು. ನೀರಿನ ಬಣ್ಣ ಕಪ್ಪಾಗಿತ್ತು. ಅಂದು ಅವನು ಕುಳಿತಿದ್ದ ಆ ತಣ್ಣನೆಯ ತಳದಿಂದ ತಟ್ಟೆಯಷ್ಟು ಕಂಡ ಆಕಾಶದಲ್ಲಿ ಈಗ ಮೂರು ಜನ ತೇಲುತ್ತಿದ್ದರು.

ಇಲ್ಲಿ ನಿಜವಾಗಿಯೂ ಮೀನಿದ್ದವು. ಮೂರ್ತಿ ಬೀಸಿದ ಮೊದಲ ಬಲೆಯಲ್ಲೇ ಏನೋ ಜೋರಾಗಿ ಎಳೆಯಿತು. "ಕಾಟ್ಲಾ! ಕಾಟ್ಲಾ ಕಣೋ!" ಎಂದು ಹಿಡಿದೆಳೆದ. ಬಲೆ ಬರಲಿಲ್ಲ. ಕೆಳಗೆ ಎಲ್ಲೋ ಮುಳುಗಿದ ಜಾಲಿಯ ಮೋಟಿಗೆ ಸಿಕ್ಕಿಕೊಂಡಿತ್ತು. ಮೂರ್ತಿ ಯಂತ್ರದ ಕಡೆ ನೋಡಿದ. "ಮೂರಡಿ ತೋರಿಸ್ತೈತೆ. ಇಳಿದು ಬಿಡಿಸ್ಬಿಡ್ತೀನಿ." ಪಂಚೆ ಎತ್ತಿ ಕಟ್ಟಿದ.

"ಇಲ್ಲಿ ಮೂರಾಳು ಐತೆ ಯಜಮಾನ್ರೆ," ಎಂದ ಮುದುಕ, ಹಿಂದಿನಿಂದ.

"ಒಂದು ಬಲೆ ಬಿಡ್ಸೋಕೆ ಮೂರಾಳು ಬೇಕೇನ್ಲಾ? ನಾನೇನು ಮಂಡಿಗೆ ಲೋಡ್ ಇಳಿಸ್ತಿದೀನಾ? ಇರೋದೇ ಮೂರು ಜನ, ಒಬ್ಬ ಸಾಕು." ಮೂರ್ತಿ ನಗುತ್ತ ಒಂದು ಕಾಲನ್ನು ಆಚೆ ಹಾಕಿದ. ಆಳು ಎಂದರೆ ಕೂಲಿಗೆ ಬರುವವನು ಎಂದಷ್ಟೇ ಗೊತ್ತಿರುವ ಕಿವಿ ಅದು. ಮನುಷ್ಯನನ್ನು ನಿಲ್ಲಿಸಿ, ಅವನ ತಲೆಯ ಮೇಲೆ ಇನ್ನೊಬ್ಬನನ್ನು, ಅವನ ಮೇಲೆ ಮತ್ತೊಬ್ಬನನ್ನು ನಿಲ್ಲಿಸಿ ನೀರನ್ನು ಅಳೆಯುವವರ ಲೆಕ್ಕ ಅದಕ್ಕೆ ಕೇಳಿಸುವುದಿಲ್ಲ. ಕದಿರೇಶನಿಗೆ ಕೇಳಿಸಿತ್ತು. ಅವನು ಹಿಂದಕ್ಕೆ ತಿರುಗಿ ಮುದುಕನನ್ನು ನೋಡಿದ. ದೊಡ್ಡಮುನಿಯಪ್ಪ ಎರಡನೆಯ ಸಲ ಹೇಳಲಿಲ್ಲ. ಗಳವನ್ನು ಎದೆಗೆ ಒರಗಿಸಿಕೊಂಡು, ಆರು ವರ್ಷ ಹೇಳಿ ಮುಗಿಸಿದವನ ಹಾಗೆ, ಕೋದಂಡರಾಮಪ್ಪನ ಮಗನ ಬೆನ್ನನ್ನು ನೋಡುತ್ತಿದ್ದ. ಇಳಿಯಲಿ, ಎಂದು ಕದಿರೇಶನ ಒಳಗೂ ಯಾರೋ ಅಂದರು. ಮೂರ್ತಿಗೆ ಈಜು ಬಾರದು. ತಮ್ಮಿಬ್ಬರ ತಲೆಮಾರಿನಲ್ಲಿ ಈ ಕಡೆ ಯಾರಿಗೆ ಬರುತ್ತದೆ, ಕಲಿಯುವುದಕ್ಕೆ ನೀರೆಲ್ಲಿತ್ತು? ಇಳಿಯಲಿ, ಮೂರಡಿಯಲ್ಲಿ ಇವನೂ ಮನಸ್ಸು ಮಾಡಿ ಮುಳುಗಿದ ಎಂದು ಬರೆಸಿದರಾಯಿತು. ಮೂರ್ತಿ ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದು, ಕತ್ತು ತಿರುಗಿಸಿ, ಸುಮ್ಮನೆ ಮಾತಿಗೆ ಎಂಬಂತೆ ಕೇಳಿದ: "ಮೂರಡಿನೇ ಅಲ್ವಾ ಭಾವ?"

ಅದು ಗಂಟಲಿಗೆ ಬಂದೇಬಿಟ್ಟಿತ್ತು. ಬಾಯಿ ಮುಚ್ಚಿಯೇ ಇತ್ತು. ಮೂಗಿನ ಬುಡದಲ್ಲಿ ಅದರ ಕಂಪನವೂ ಶುರುವಾಗಿತ್ತು. ಆಗ ಮೂರ್ತಿಯ ಬರಿಗಾಲು ನೀರಿನೊಳಗೆ ನೆಲ ಹುಡುಕುತ್ತಿರುವುದು ಕಾಣಿಸಿತು. ಹೆಬ್ಬೆರಳು ಕೆಳಗೆ, ಇನ್ನೂ ಕೆಳಗೆ ಚಾಚಿ, ಇದೆ ಎಂಬ ನಂಬಿಕೆಯಿಂದ ಮೆಲ್ಲಗೆ ತಡಕಾಡುತ್ತಿತ್ತು. ಹನ್ನೊಂದನೆಯ ಹೆಜ್ಜೆ ಹೀಗೇ ಇದ್ದಿರಬೇಕು.

"ಇಳೀಬೇಡ," ಎಂದ ಕದಿರೇಶ. "ಹದಿನೆಂಟಡಿ ಇದೆ."

ಮೂರ್ತಿ ನಕ್ಕ. "ಏನ್ ಭಾವ, ನಿಮ್ದೂ ತಮಾಷೆನಾ?" ಆಗ ದೊಡ್ಡಮುನಿಯಪ್ಪ ಗಳವನ್ನು ನೀರಿಗೆ ಬಿಟ್ಟ. ಬಿದಿರು ಇಳಿಯಿತು, ಇಳಿಯಿತು, ಹಿಡಿದ ಮುಷ್ಟಿ ಮುಳುಗಿತು, ಮೊಣಕೈ ಮುಳುಗಿತು, ಮುದುಕ ಬಗ್ಗಿ ಭುಜದವರೆಗೂ ಕೈ ಇಳಿಸಿದ. ಗಳಕ್ಕೆ ಇನ್ನೂ ನೆಲ ತಾಗಿರಲಿಲ್ಲ. ಮೂರ್ತಿ ಕಾಲನ್ನು ಒಳಗೆ ಎಳೆದುಕೊಂಡು ದೋಣಿಯ ನಡುವೆ ಕುಸಿದು ಕುಳಿತ. ಅವನ ತುಟಿಯ ಮೇಲೆ ಬೆವರಿತ್ತು. ಯಂತ್ರ ಕುಯ್ ಎಂದಿತು. ಯಾರೂ ನೋಡಲಿಲ್ಲ.

"ಹದಿನೆಂಟು ಅಂದ್ರಾ ಸಾಮಿ?" ಎಂದು ಮುದುಕ ಕೇಳಿದ. "ನಮ್ಗೆ ಆಳಿನ ಲೆಕ್ಕ ಗೊತ್ತು, ಅಡಿ ಲೆಕ್ಕ ಗೊತ್ತಿಲ್ಲ. ನಿಮ್ಗೆಂಗೆ ಗೊತ್ತು?" ಅದು ಜೋರಿನ ಪ್ರಶ್ನೆಯಲ್ಲ. ಕದಿರೇಶ ಬಲೆಯ ಹಗ್ಗವನ್ನು ನೋಡುತ್ತ ಕುಳಿತ. ಮೂರ್ತಿ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದ. ಕಾಯಿಯನ್ನು ಒತ್ತಿ ನೋಡುವ ಬೆರಳುಗಳಿಗೆ ಕೊನೆಗೂ ಮೆತ್ತಗಿನ ಜಾಗ ಸಿಕ್ಕಿತ್ತು. ಬೇರೆಯೇ ದನಿಯಲ್ಲಿ, "ಬಲೆ ಹೋಗ್ಲಿ. ನಡಿ ದಡಕ್ಕೆ," ಎಂದ. ಮತ್ತೆ ಕದಿರೇಶನ ಕಡೆ ಬಾಗಿ ಪಿಸುಗುಟ್ಟಿದ: "ಅಪ್ಪ ಹೋಗಾಯ್ತು ಭಾವ. ಊರೋರ ಬಾಯಿಗೆ ಕೊಡ್ಬೇಡಿ. ಅಕ್ಕನ್ನ ನೆನೆಸ್ಕೊಳ್ಳಿ." ತನ್ನ ಜೀವ ಉಳಿಸಿದವನಿಗೆ ಅವನು ಹೇಳಿದ್ದು ಇಷ್ಟು. ಕದಿರೇಶನಿಗೆ ಅವನ ಮೇಲೆ ತಿರಸ್ಕಾರ ಹುಟ್ಟಬೇಕಾಗಿತ್ತು, ಅದಕ್ಕಾಗಿ ಕಾದ. ಬಂದದ್ದು ನಿರಾಳ. ಆ ನಿರಾಳ ಎಷ್ಟು ಹಳೆಯದು ಎಂದು ಅವನಿಗೆ ಗೊತ್ತಿತ್ತು. ಭುಜದ ಮೇಲೆ ಎಲೆಅಡಿಕೆಯ ವಾಸನೆಯ ಒಂದು ಕೈ ಬಂದು ಕೂತಂತಾಯಿತು.

ಏರಿಯ ಮೇಲಿನವರು ಎದ್ದು ದಡಕ್ಕೆ ಇಳಿದು ಬಂದಿದ್ದರು. ಖಾಲಿ ಬುಟ್ಟಿ ನೋಡಿ ಒಬ್ಬ, "ಏನಣ್ಣ, ಮೀನೆಲ್ಲ ಟೀವೀಲೇ ಉಳ್ಕೊಂಡ್ವಾ?" ಎಂದ. ಇನ್ನೊಬ್ಬ, "ಅಲ್ಲಿಗಂಟ ಹೋಗಿದ್ರಲ್ಲ, ಲೋತು ಎಷ್ಟಂತೆ? ಮಿಷಿನ್ ಎಷ್ಟಡಿ ಅಂತು?" ಎಂದ. ದೊಡ್ಡಮುನಿಯಪ್ಪ ದೋಣಿಯಿಂದ ಇಳಿಯಲಿಲ್ಲ. ಒದ್ದೆ ಗಳ ಹಿಡಿದು, ಕದಿರೇಶನ ಬಾಯನ್ನೇ ನೋಡುತ್ತ ನಿಂತ.

"ಮೂರಡಿ," ಎಂದ ಮೂರ್ತಿ, ಮಂಡಿಯಲ್ಲಿ ರೇಟು ಕೂಗುವ ದನಿಯಲ್ಲಿ. "ಅಪ್ಪ ತೆಗೆಸಿದಷ್ಟೇ. ಅಲ್ವಾ ಭಾವ?"

"ಹೂಂ."

ಕದಿರೇಶ ಉಂಡೆಯನ್ನು ನೀರಿನಿಂದ ಎಳೆದು, ಯಂತ್ರವನ್ನೂ ವೈರನ್ನೂ ದಡದ ಒಣ ಮಣ್ಣಿನ ಮೇಲೆ ಇಟ್ಟು, ಚಪ್ಪಲಿ ಹುಡುಕಲು ಬಗ್ಗಿದ. ಹಿಂದಿನಿಂದ ಕುಯ್ ಎಂಬ ಸದ್ದಾಯಿತು. ಒಬ್ಬ ಬಗ್ಗಿ ನೋಡಿ ಹೋ ಎಂದು ನಕ್ಕ. "ಬನ್ರೋ ಇಲ್ಲಿ! ನೆಲದ ಮೇಲೂ ಮೀನು ಹೋಗ್ತಾ ಐತೆ ಕಣೋ!" ಉಳಿದವರೂ ಮುತ್ತಿಕೊಂಡರು. ಒಬ್ಬ ಅದನ್ನು ಎತ್ತಿ ತನ್ನ ಹೊಟ್ಟೆಗೆ ಹಿಡಿದ, ಇನ್ನೊಬ್ಬ ಮೂರ್ತಿಯ ಬೈಕಿನ ಸೀಟಿನ ಮೇಲಿಟ್ಟ. "ಸೀಟಿನೊಳಗೆ ಜಿಲೇಬಿ ಮೀನೈತೆ ಕಣಣ್ಣ!" ಮೂರ್ತಿಯೂ ನಗಲು ಹೋಗಿ ನಿಲ್ಲಿಸಿದ. ದೊಡ್ಡಮುನಿಯಪ್ಪ ಈಗ ಇಳಿದು ಬಂದ. ಬೆಳಗಿನಿಂದ ಮೊದಲ ಸಲ ತೆರೆಯ ಕಡೆ ನೋಡಿದ. ಅವನಿಗೆ ಓದು ಬಾರದು. "ಮೂಲೇಲಿ ಏನು ಬರ್ದೈತೆ, ಓದ್ರಪ್ಪ," ಎಂದ.

"ಮೂರಡಿ ಅಂತೈತೆ ತಾತ."

"ಒಣ ನೆಲದ ಮೇಲೆ?"

"ಒಣ ನೆಲದ ಮೇಲೇ."

ನಗು ಒಂದೊಂದಾಗಿ ನಿಂತಿತು. ನಿಂತ ಮೇಲೆ ಎಲ್ಲರೂ ಕೆರೆಯ ಕಡೆ ನೋಡಿದರು, ಜಾಲಿಯ ಕೊಂಬೆಗಳಾಚೆ ನೀರು ಕಪ್ಪಾಗಿದ್ದ ಕಡೆ. ಆಮೇಲೆ ಮುದುಕನ ಗಳವನ್ನು ನೋಡಿದರು. ಅದು ತುದಿಯಿಂದ ತುದಿಯವರೆಗೆ ಒದ್ದೆಯಾಗಿತ್ತು, ಹಿಡಿದವನ ಅಂಗಿಯ ತೋಳೂ ಭುಜದವರೆಗೆ. ಮುದುಕ ಯಾರನ್ನೂ ನೋಡದೆ ಯಂತ್ರವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕೂಸನ್ನು ಒಪ್ಪಿಸುವಂತೆ ಜೋಪಾನವಾಗಿ ತಂದು ಕದಿರೇಶನ ಕೈಗೆ ಕೊಟ್ಟ. ಇಬ್ಬರ ನಡುವೆ ಅದು ಇನ್ನೊಮ್ಮೆ ಕುಯ್ ಎಂದಿತು.

"ಎಷ್ಟು ತೋಡಿದ್ರಿ ಸಾಮಿ?" ಎಂದ.

ಆ ಪ್ರಶ್ನೆಗೆ ಹೂಂ ಎನ್ನಲು ಬರುವಂತಿರಲಿಲ್ಲ.